ಒಂಟಿಯಲ್ಲ, ದೇವರ ಮನೆ ತುಂಬಿದವಳು



ಭಾನುವಾರದ ಪೂಜೆ ಮುಗಿದು ದೇವಾಲಯದ ಅಂಗಳಕ್ಕೆ ಬಂದ ಕೂಡಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಏನಮ್ಮಾ, ಯಾವಾಗ ಸಿಹಿಯೂಟ ಹಾಕಿಸ್ತೀಯಾ?" ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ನೀವೂ ಮುಗುಳ್ನಕ್ಕು "ದೇವರ ಚಿತ್ತ" ಎಂದು ಹೇಳಿ ಮುಂದಕ್ಕೆ ಹೋಗುತ್ತೀರಿ. ವಯಸ್ಸು ಮೂವತ್ತು ದಾಟಿದ ಮೇಲೆ ಆ ಪ್ರಶ್ನೆಯ ಸ್ವರ ಬದಲಾಗುತ್ತದೆ. ನಲವತ್ತು ದಾಟಿದ ಮೇಲೆ ಪ್ರಶ್ನೆಯೇ ನಿಂತುಹೋಗಿ ಅದರ ಜಾಗಕ್ಕೆ ಒಂದು ನಿಟ್ಟುಸಿರು ಬರುತ್ತದೆ. ಪ್ರಶ್ನೆಗಿಂತ ಆ ನಿಟ್ಟುಸಿರೇ ಹೆಚ್ಚು ನೋಯಿಸುತ್ತದೆ.

ಮದುವೆಯಾಗದೆ ಉಳಿಯುವುದಕ್ಕೆ ನೂರು ಕಾರಣಗಳು. ತಂದೆ ತೀರಿಕೊಂಡ ಮೇಲೆ ತಮ್ಮ ತಂಗಿಯರನ್ನು ಓದಿಸುವ ಹೊಣೆ ಒಬ್ಬಳ ಮೇಲೆ ಬಿತ್ತು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಇನ್ನೊಬ್ಬಳಿಗೆ ಬೇರೆ ಯಾರ ಆಸರೆಯೂ ಇರಲಿಲ್ಲ. ವರದಕ್ಷಿಣೆ ಕೇಳಿದವರಿಗೆ ಮತ್ತೊಬ್ಬಳು ಧೈರ್ಯದಿಂದ "ಬೇಡ" ಎಂದಳು. ಕಾನ್ವೆಂಟ್ ಸೇರಬೇಕೆಂದು ಹೋದವಳಿಗೆ ಆರೋಗ್ಯ ಒಪ್ಪಲಿಲ್ಲ. ಬಂದ ಸಂಬಂಧ ಕೂಡಲಿಲ್ಲ, ಕೂಡಿದ್ದು ಮುರಿಯಿತು, ಅಥವಾ ಹೇಳಿಕೊಳ್ಳುವಂಥ ಯಾವ ಕಾರಣವೂ ಇಲ್ಲದೆ ವರ್ಷಗಳು ಸರಿದುಹೋದವು. ತಾವಾಗಿಯೇ ಬಯಸಿ ಈ ಬದುಕನ್ನು ಆರಿಸಿಕೊಂಡವರೂ ಇದ್ದಾರೆ.

ಕಾರಣ ಯಾವುದೇ ಇರಲಿ, ರಾತ್ರಿ ದೀಪ ಆರಿಸಿದ ಮೇಲೆ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಗಂಡ ಮಕ್ಕಳಿಲ್ಲದ, ಕನ್ಯಾಸ್ತ್ರೀಯೂ ಅಲ್ಲದ ನನ್ನ ಬದುಕು ದೇವರ ಮುಂದೆ ಪೂರ್ಣವೋ, ಅರ್ಧವೋ? ಈ ವಾರ ಆ ಪ್ರಶ್ನೆಯನ್ನು ನಮ್ಮ ವಿಶ್ವಾಸದ ಬೆಳಕಿನಲ್ಲಿ ಒಟ್ಟಿಗೆ ಧ್ಯಾನಿಸೋಣ.

ನಮ್ಮ ಮಾತುಗಳು ಕಲಿಸಿದ ಪಾಠ

ನಮ್ಮ ಆಡುಮಾತಿನಲ್ಲಿ ಹೆಣ್ಣನ್ನು 'ಕೊಡುತ್ತೇವೆ', ಹೆಣ್ಣನ್ನು 'ತರುತ್ತೇವೆ'. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆಯೂ ಇದೆ. ಹಾಗಾದರೆ ಕೊಡದೆ ಉಳಿದ ಹೆಣ್ಣಿನ ಗತಿ ಏನು? ಕೊಟ್ಟವಳು ಹೊರಗಿನವಳಾದಳು, ಕೊಡದವಳು ಒಳಗಿದ್ದುಕೊಂಡೇ ಹೊರಗಿನವಳಾದಳು. ಹುಟ್ಟಿದ ಮನೆಯಲ್ಲಿಯೇ ಆಕೆ ಅತಿಥಿಯಂತೆ ಕೈಕಾಲು ಮುದುಡಿಕೊಂಡು ಇರಬೇಕಾಗುತ್ತದೆ.

ಇನ್ನೊಂದು ಮಾತಿದೆ, ಬಹಳ ಚೆಂದದ ಮಾತು: 'ಮನೆ ತುಂಬಿಸಿಕೊಳ್ಳುವುದು.' ಮದುಮಗಳು ಹೊಸ್ತಿಲ ಬಳಿ ಬಂದು ನಿಂತಾಗ ಮನೆಯವರು ಎದುರುಗೊಂಡು, ಹೆಸರು ಹೇಳಿಸಿ, ಸಂತೋಷದಿಂದ ಒಳಗೆ ಕರೆದುಕೊಳ್ಳುತ್ತಾರೆ. ಅಂದಿನಿಂದ ಆಕೆ ಆ ಮನೆಯವಳು. ಅಂಥ ಗಳಿಗೆ ನಿಮ್ಮ ಬದುಕಿನಲ್ಲಿ ಬರಲೇ ಇಲ್ಲ ಎಂದು ನೀವು ಎಣಿಸಿರಬಹುದು.

ಬಂದಿದೆ, ಸಹೋದರಿ. ಜ್ಞಾನಸ್ನಾನದ ವಿಧಿಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಅದು ಪೀಠದ ಬಳಿ ಆರಂಭವಾಗುವುದಿಲ್ಲ. ದೇವಾಲಯದ ಬಾಗಿಲಲ್ಲಿ ಆರಂಭವಾಗುತ್ತದೆ. ಗುರುಗಳು ಅಲ್ಲಿಗೇ ಬಂದು ಮಗುವನ್ನು ಎದುರುಗೊಳ್ಳುತ್ತಾರೆ. ಅವರು ತಂದೆತಾಯಿಯರನ್ನು ಕೇಳುವ ಮೊದಲ ಪ್ರಶ್ನೆ ಮಗುವಿನ ಹೆಸರು. ಬಳಿಕ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಕ್ರೈಸ್ತ ಸಮುದಾಯ ಆ ಮಗುವನ್ನು ಸಂತೋಷದಿಂದ ಸ್ವೀಕರಿಸುತ್ತದೆ. ಅನಂತರ ಒಳಗೆ ಪವಿತ್ರ ಜಲ, ತೈಲದ ಅಭ್ಯಂಜನ, ಬಿಳಿಯ ಉಡುಪು, ಕೈಯಲ್ಲಿ ಉರಿಯುವ ಮೇಣದ ಬತ್ತಿ. ಮುಂದೆ ಮದುವೆಯಾಗುವ ಮಗುವಿಗೆ ಒಂದು ವಿಧಿ, ಆಗದ ಮಗುವಿಗೆ ಇನ್ನೊಂದು ವಿಧಿ ಎಂದು ಧರ್ಮಸಭೆ ಬೇಧ ಮಾಡಲಿಲ್ಲ. ಈ ಸಂಸ್ಕಾರವನ್ನು ಎರಡನೆಯ ಸಲ ಕೊಡುವುದೂ ಇಲ್ಲ, ಏಕೆಂದರೆ ಅದು ಆತ್ಮದಲ್ಲಿ ಒತ್ತಿದ ಮುದ್ರೆ ಎಂದಿಗೂ ಅಳಿಯುವುದಿಲ್ಲ.

ದೇವರು ನಿಮ್ಮನ್ನು ಮನೆ ತುಂಬಿಸಿಕೊಂಡ ಗಳಿಗೆ ಅದು. ಹೆಸರು ಹಿಡಿದು ಕರೆದು, ನೀನು ನನ್ನವಳು ಎಂದು ಹೇಳುವ ದೇವರನ್ನು ಪ್ರವಾದಿ ಯೆಶಾಯ ನಮಗೆ ಪರಿಚಯಿಸುತ್ತಾನೆ (ಯೆಶಾಯ 43:1). ವಿವಾಹ, ಗುರುದೀಕ್ಷೆ, ಸನ್ಯಾಸ ವ್ರತ ಇವೆಲ್ಲ ಆ ಅಡಿಪಾಯದ ಮೇಲೆ ಕಟ್ಟಿದ ಕೋಣೆಗಳು. ಆ ಕೋಣೆಗಳಲ್ಲಿ ಒಂದಕ್ಕೆ ನೀವು ಹೋಗದಿದ್ದರೂ ಮನೆಯ ಒಳಗೇ ಇದ್ದೀರಿ. ಶಾಲೆಯ ಕ್ರೀಡಾಕೂಟದಲ್ಲಿ ಗೆಲ್ಲದ ಮಕ್ಕಳ ಕೈಗೆ ಸಮಾಧಾನಕರ ಬಹುಮಾನ ಕೊಟ್ಟು ಕಳುಹಿಸುತ್ತಾರಲ್ಲ, ದೇವರ ಪ್ರೀತಿ ಹಾಗೆ ಗಂಡ ಸಿಗದವರಿಗೆಂದು ತೆಗೆದಿಟ್ಟ ಬಹುಮಾನ ಅಲ್ಲ. ಮದುವೆಯಾದವರೂ ಬದುಕುವುದು ಅದೇ ಪ್ರೀತಿಯಿಂದ.

ಬೆಥಾನಿಯದ ಮನೆ

ಯೇಸುಸ್ವಾಮಿ ದಣಿದಾಗ ಹೋಗುತ್ತಿದ್ದ ಮನೆ ಯಾವುದು? ಬೆಥಾನಿಯದಲ್ಲಿದ್ದ ಮಾರ್ತ, ಮರಿಯ, ಲಾಸರ ಎಂಬ ಒಡಹುಟ್ಟಿದವರ ಮನೆ. ಮಾರ್ತಳಿಗೆ ಗಂಡ ಇದ್ದನೆಂದಾಗಲಿ, ಮರಿಯಳಿಗೆ ಮಕ್ಕಳಿದ್ದರೆಂದಾಗಲಿ ಶುಭಸಂದೇಶ ಎಲ್ಲಿಯೂ ಹೇಳುವುದಿಲ್ಲ. ಮಾರ್ತ ಯೇಸುವನ್ನು ತನ್ನ ಮನೆಗೆ ಬರಮಾಡಿಕೊಂಡಳು ಎಂದು ಲೂಕನು ಬರೆಯುತ್ತಾನೆ (ಲೂಕ 10:38). ಆ ಮೂವರನ್ನೂ ಯೇಸು ಪ್ರೀತಿಸುತ್ತಿದ್ದರು ಎಂದು ಯೊವಾನ್ನನು ಸ್ಪಷ್ಟವಾಗಿ ತಿಳಿಸುತ್ತಾನೆ (ಯೊವಾನ್ನ 11:5).

ತಮ್ಮ ಸತ್ತ ದುಃಖದಲ್ಲಿಯೂ ಯೇಸುವೇ ಕ್ರಿಸ್ತ, ದೇವರ ಪುತ್ರ ಎಂದು ಬಾಯಿಬಿಟ್ಟು ಸಾರಿದವಳು ಮಾರ್ತ (ಯೊವಾನ್ನ 11:27). ಪೇತ್ರನು ಮಾಡಿದ ವಿಶ್ವಾಸ ಪ್ರಕಟಣೆಗೆ ಇದು ಏನೇನೂ ಕಡಿಮೆಯಲ್ಲ. ಹಿಂದೆ ಜುಲೈ 29ರಂದು ನಾವು ಸಂತ ಮಾರ್ತಳ ಸ್ಮರಣೆಯನ್ನು ಮಾತ್ರ ಆಚರಿಸುತ್ತಿದ್ದೆವು. 2021ರಲ್ಲಿ ಜಗದ್ಗುರು ಫ್ರಾನ್ಸಿಸ್ ಆ ದಿನವನ್ನು ಮಾರ್ತ, ಮರಿಯ, ಲಾಸರ ಮೂವರ ಸ್ಮರಣೆಯಾಗಿ ಮಾಡಿದರು. ಗಂಡ ಹೆಂಡತಿ ಮಕ್ಕಳಿದ್ದರೆ ಮಾತ್ರ ಕುಟುಂಬ ಎಂದು ತಿಳಿದಿರುವ ನಮಗೆ ಇದರಲ್ಲಿ ಒಂದು ಪಾಠವಿದೆ. ಅಕ್ಕ, ತಂಗಿ, ತಮ್ಮ ಕೂಡಿ ಬಾಳಿದ ಆ ಮನೆಯೂ ಪವಿತ್ರ ಕುಟುಂಬವೇ.

ಪುನರುತ್ಥಾನದ ವಾರ್ತೆಯನ್ನು ಪ್ರೇಷಿತರಿಗೆ ಮೊದಲು ಮುಟ್ಟಿಸಿದವಳು ಮಗ್ದಲದ ಮರಿಯ. ಆಕೆಯ ಸ್ಮರಣೆಯನ್ನು 2016ರಲ್ಲಿ ಪ್ರೇಷಿತರ ಹಬ್ಬಗಳ ಸಾಲಿಗೆ ಏರಿಸಲಾಯಿತು. ಇಷ್ಟೆಲ್ಲ ಏಕೆ, ಯೇಸುಸ್ವಾಮಿಯೇ ಮದುವೆಯಾಗಲಿಲ್ಲ. ಅವರ ಬದುಕು ಅರ್ಧವಾಗಿತ್ತು ಎಂದು ನಮ್ಮಲ್ಲಿ ಯಾರಾದರೂ ಹೇಳುತ್ತಾರೆಯೆ?

'ವರ' ಎಂದರೇನು?

ಕನ್ನಡದ 'ವರ' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಮದುಮಗನೂ ವರ, ದೇವರು ಕೊಡುವ ವರದಾನವೂ ವರ. ವರ ಸಿಗಲಿಲ್ಲವೆಂದು ಕೊರಗುವ ಮನೆಗಳಿಗೆ ಸಂತ ಪೌಲನು ಎರಡನೆಯ ಅರ್ಥವನ್ನು ನೆನಪಿಸುತ್ತಾನೆ. ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದಲ್ಲಿ, ಒಬ್ಬೊಬ್ಬರಿಗೂ ದೇವರಿಂದ ಅವರವರದೇ ಆದ ವರವಿದೆ ಎಂದು ಅವನು ಹೇಳುತ್ತಾನೆ (7:7). ಮದುವೆಯಾಗದ ಹೆಣ್ಣಿಗೆ ಪ್ರಭುವಿನ ಕಾರ್ಯಗಳಲ್ಲಿ ಮನಸ್ಸನ್ನು ಪೂರ್ತಿಯಾಗಿ ತೊಡಗಿಸುವ ಬಿಡುವು ಇದೆ ಎಂದೂ ಬರೆಯುತ್ತಾನೆ (7:34). ಆ ಕಾಲದಲ್ಲಿ ಇದು ಸಾಮಾನ್ಯ ಮಾತಾಗಿರಲಿಲ್ಲ. ಹೆಣ್ಣಿಗೆ ತಂದೆಯ ಮನೆ, ಇಲ್ಲವೆ ಗಂಡನ ಮನೆ ಎನ್ನುತ್ತಿದ್ದ ಲೋಕದಲ್ಲಿ ಆಕೆ ನೇರವಾಗಿ ಪ್ರಭುವಿಗೆ ಸೇರಿದವಳು ಎಂದು ಪೌಲನು ಸಾರಿದನು.

ಆದರೆ ಈ ಮಾತನ್ನು ಹಗ್ಗದಂತೆ ಯಾರ ಕುತ್ತಿಗೆಗೂ ಹಾಕಬಾರದು. ಪೌಲನೇ ಆ ಎಚ್ಚರಿಕೆ ಕೊಟ್ಟಿದ್ದಾನೆ (7:35). ಆದ್ದರಿಂದ ನಿಮಗೆ ಇನ್ನೂ ಮದುವೆಯ ಆಸೆ ಇದ್ದರೆ ಅದು ವಿಶ್ವಾಸದ ಕೊರತೆಯಲ್ಲ. ವಿವಾಹ ಒಂದು ಪವಿತ್ರ ಸಂಸ್ಕಾರ. ಅದನ್ನು ಬಯಸುವುದು ಒಳ್ಳೆಯದೇ. ಪ್ರಾರ್ಥಿಸಿ, ಹುಡುಕಿ, ನಿಮ್ಮ ಹಿತ ಬಯಸುವವರ ಸಲಹೆ ಕೇಳಿ. ಆದರೆ ಒಂಟಿತನಕ್ಕೆ ಹೆದರಿ ಕುಡುಕನಿಗೋ ಹಣದಾಸೆಯವನಿಗೋ ತಲೆಬಾಗಬೇಡಿ. 'ಮದುವೆಯಾಗದೆ ಹುಚ್ಚು ಬಿಡೋಲ್ಲ, ಹುಚ್ಚು ಬಿಡದೆ ಮದುವೆಯಾಗೋಲ್ಲ' ಎಂಬ ಗಾದೆ ಕೇಳಿ ನಾವು ನಗುತ್ತೇವೆ. ಆದರೂ ಎಲ್ಲ ಸಂಕಟಗಳಿಗೂ ಮದುವೆಯೇ ಮದ್ದು ಎಂಬ ನಂಬಿಕೆ ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಗಟ್ಟಿಯಾಗಿದೆ.

ಇನ್ನು ಕೆಲವರಿಗೆ ಈ ಬದುಕನ್ನೇ ಬಹಿರಂಗವಾಗಿ ಪ್ರಭುವಿಗೆ ಅರ್ಪಿಸುವ ಕರೆ ಕೇಳಿಸಬಹುದು. ಮನೆಯಲ್ಲೇ ಇದ್ದು, ಉದ್ಯೋಗ ಮಾಡುತ್ತಲೇ, ಧರ್ಮಾಧ್ಯಕ್ಷರ ಮುಂದೆ ಕನ್ಯಾವ್ರತ ಸ್ವೀಕರಿಸುವ ಪ್ರಾಚೀನ ವಿಧಿಯನ್ನು ಧರ್ಮಸಭೆ 1970ರಲ್ಲಿ ಪರಿಷ್ಕರಿಸಿ ಮತ್ತೆ ಜಾರಿಗೆ ತಂದಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 604ನೆಯ ನಿಯಮ ಅದನ್ನು ಗುರುತಿಸುತ್ತದೆ. ಅಂಥ ಸೆಳೆತವಿದ್ದವರು ಧರ್ಮಕೇಂದ್ರದ ಗುರುಗಳೊಡನೆ ಮಾತನಾಡಬಹುದು. ಎಲ್ಲರಿಗೂ ಈ ಕರೆ ಇಲ್ಲ, ಇಲ್ಲದಿದ್ದರೆ ಅದೊಂದು ಕೊರತೆಯೂ ಅಲ್ಲ.

ಒಂದು ವಿಷಯವನ್ನು ಮಾತ್ರ ಎಲ್ಲರೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮದುವೆ ಒಂದು ಗುರುತು. ಅದು ತೋರಿಸುವ ನಿಜವಾದ ವಸ್ತು ಕ್ರಿಸ್ತರಿಗೂ ಅವರ ಸಭೆಗೂ ಇರುವ ಪ್ರೀತಿ (ಎಫೆಸ 5:32). ಗುರುತು ಈ ಲೋಕಕ್ಕೆ ಸೇರಿದ್ದು. ಪುನರುತ್ಥಾನದಲ್ಲಿ ಮದುವೆ ಮಾಡಿಕೊಳ್ಳುವುದೂ ಇಲ್ಲ, ಮಾಡಿಕೊಡುವುದೂ ಇಲ್ಲ ಎಂದು ಪ್ರಭುವೇ ತಿಳಿಸಿದ್ದಾರೆ (ಮತ್ತಾಯ 22:30). ಪರಮಪ್ರಸಾದದ ಸಾಲಿನಲ್ಲಿ ನಿಂತಾಗ ಗಮನಿಸಿ: ಅಲ್ಲಿ ಮದುವೆಯಾದವರಿಗೆ ಬೇರೆ ಸಾಲಿಲ್ಲ. ಗುರುತು ಯಾವುದನ್ನು ತೋರಿಸುತ್ತದೋ ಅದೇ ನಿಮ್ಮ ಅಂಗೈಯಲ್ಲಿ, ನಾಲಿಗೆಯ ಮೇಲೆ ಬಂದು ಕೂಡುತ್ತದೆ. ಗಂಡನಿರುವವಳಿಗೆ ಹೆಚ್ಚಿಲ್ಲ, ನಿಮಗೆ ಕಡಿಮೆಯಿಲ್ಲ.

ದಾರಿ ತೋರಿಸಿದ ಮೂವರು

ಈ ಸತ್ಯವನ್ನು ಬಾಳಿ ತೋರಿಸಿದವರು ಧರ್ಮಸಭೆಯಲ್ಲಿ ಬಹಳ ಮಂದಿ. ಮೂವರನ್ನು ನೆನೆಯೋಣ. ಈ ಮೂವರೂ ಮಠದ ಗೋಡೆಗಳ ಒಳಗೆ ಬಾಳಿದವರಲ್ಲ.

ಸಿಯೆನಾದ ಸಂತ ಕ್ಯಾಥರೀನ್ 1347ರಲ್ಲಿ ಇಟಲಿಯ ಸಿಯೆನಾ ಪಟ್ಟಣದಲ್ಲಿ ಬಟ್ಟೆಗೆ ಬಣ್ಣ ಹಾಕುವವನೊಬ್ಬನ ತುಂಬು ಸಂಸಾರದಲ್ಲಿ ಹುಟ್ಟಿದಳು. ಮನೆಯವರು ಮದುವೆಗೆ ಒತ್ತಾಯಿಸಿದಾಗ ತಲೆಗೂದಲನ್ನೇ ಕತ್ತರಿಸಿಕೊಂಡಳು. ಸಿಟ್ಟಿಗೆದ್ದ ಮನೆಯವರು ಮನೆಗೆಲಸವನ್ನೆಲ್ಲ ಅವಳ ಮೇಲೆ ಹೇರಿದರು. ಪ್ರಾರ್ಥನೆಗೆ ಏಕಾಂತವೂ ಇಲ್ಲದಂತೆ ಮಾಡಿದರು. ಆಗ ಅವಳು ತನ್ನ ಹೃದಯದಲ್ಲೇ ಒಂದು ಕೋಣೆ ಕಟ್ಟಿಕೊಂಡಳು. ತಂದೆಯಲ್ಲಿ ಯೇಸುವನ್ನು, ತಾಯಿಯಲ್ಲಿ ಮರಿಯಮ್ಮನವರನ್ನು, ಅಣ್ಣಂದಿರಲ್ಲಿ ಪ್ರೇಷಿತರನ್ನು ಕಾಣುತ್ತಾ ಅಡುಗೆ ಬಡಿಸಿದಳು ಎಂದು ಅವಳ ಜೀವನಚರಿತ್ರೆ ಬರೆದ ಕಪುವಾದ ರೇಮಂಡ್ ತಿಳಿಸುತ್ತಾರೆ. ದೊಮಿನಿಕನ್ ಸಭೆಯ ಮೂರನೆಯ ವರ್ಗಕ್ಕೆ ಸೇರಿ, ಮನೆಯಲ್ಲೇ ಇದ್ದುಕೊಂಡು ರೋಗಿಗಳ ಸೇವೆ ಮಾಡಿದಳು. ಆವಿಞೋನ್‌ನಲ್ಲಿದ್ದ ಜಗದ್ಗುರು ಹನ್ನೊಂದನೆಯ ಗ್ರೆಗೊರಿಯವರಿಗೆ ರೋಮಿಗೆ ಹಿಂದಿರುಗಬೇಕೆಂದು ಧೈರ್ಯವಾಗಿ ಹೇಳಿದಳು. 1377ರಲ್ಲಿ ಅವರು ರೋಮನ್ನು ತಲುಪಿದರು. 33ನೆಯ ವಯಸ್ಸಿನಲ್ಲಿ, 1380ರಲ್ಲಿ ತೀರಿಕೊಂಡ ಆಕೆಯನ್ನು 1970ರಲ್ಲಿ ಧರ್ಮಸಭೆಯ ಪಂಡಿತೆ ಎಂದು ಘೋಷಿಸಲಾಯಿತು.

ಎರಡನೆಯವಳು ಪೌಲಿನ್ ಜಾರಿಕೊ. 1799ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ರೇಷ್ಮೆ ಉದ್ಯಮಿಯ ಮನೆಯಲ್ಲಿ ಹುಟ್ಟಿದ ಇವಳು ಮದುವೆಯಾಗಲಿಲ್ಲ, ಕಾನ್ವೆಂಟನ್ನೂ ಸೇರಲಿಲ್ಲ. ಹತ್ತು ಹತ್ತು ಜನರ ಗುಂಪು ಮಾಡಿ, ಒಬ್ಬೊಬ್ಬರಿಂದ ವಾರಕ್ಕೆ ಒಂದು ಚಿಲ್ಲರೆ ಕಾಸು ಕೂಡಿಸಿ, ದೂರದೇಶಗಳ ಧರ್ಮಪ್ರಚಾರಕ್ಕೆ ಕಳುಹಿಸುವ ಏರ್ಪಾಡು ಮಾಡಿದಳು. 1822ರಲ್ಲಿ ಅದರಿಂದಲೇ ವಿಶ್ವಾಸ ಪ್ರಸಾರ ಸಂಸ್ಥೆ ಹುಟ್ಟಿತು. 1826ರಲ್ಲಿ ಜೀವಂತ ಜಪಸರ ಎಂಬ ಪ್ರಾರ್ಥನಾ ಕೂಟವನ್ನೂ ಆರಂಭಿಸಿದಳು. ಕಾರ್ಮಿಕರಿಗೆ ನ್ಯಾಯವಾದ ದುಡಿಮೆ ಸಿಗಲೆಂದು ಒಂದು ಕಬ್ಬಿಣದ ಕಾರ್ಖಾನೆಗೆ ತನ್ನ ಹಣ ತೊಡಗಿಸಿ, ನಂಬಿದವರಿಂದ ಮೋಸಹೋಗಿ, ಸಾಲದಲ್ಲಿಯೇ 1862ರಲ್ಲಿ ಪ್ರಾಣಬಿಟ್ಟಳು. 2022ರಲ್ಲಿ ಲಿಯೋನಿನಲ್ಲಿಯೇ ಆಕೆಯನ್ನು ಧನ್ಯಳೆಂದು ಘೋಷಿಸಲಾಯಿತು. ಅಕ್ಟೋಬರ್ ತಿಂಗಳ ಮಿಷನ್ ಭಾನುವಾರದಂದು ನಮ್ಮ ಹಳ್ಳಿಯ ದೇವಾಲಯದಲ್ಲಿ ನಾವು ತಟ್ಟೆಗೆ ಹಾಕುವ ಕಾಣಿಕೆ ಇಂದಿಗೂ ಹರಿಯುವುದು ಈ ಅವಿವಾಹಿತೆ ತೋಡಿದ ಕಾಲುವೆಯಲ್ಲಿ.

ಮೂರನೆಯವಳು ಐರ್ಲೆಂಡಿನ ಈಡೆಲ್ ಕ್ವಿನ್. 1907ರಲ್ಲಿ ಹುಟ್ಟಿದ ಈಕೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಸಾಮಾನ್ಯ ಹುಡುಗಿ. ಸಂತ ಕ್ಲಾರಳ ಸಭೆಯ ಮಠ ಸೇರಬೇಕೆಂದು, ಬಂದ ಮದುವೆಯ ಪ್ರಸ್ತಾಪವನ್ನು ಬೇಡವೆಂದಳು. ಸೇರುವ ಹೊತ್ತಿಗೆ ಕ್ಷಯರೋಗ ಕಾಣಿಸಿಕೊಂಡಿತು. ಮಠದ ಬಾಗಿಲೂ ಮುಚ್ಚಿತು. ಗಂಡನ ಮನೆಯೂ ಇಲ್ಲ, ಮಠವೂ ಇಲ್ಲ, ದೇಹದಲ್ಲಿ ಕಸುವೂ ಇಲ್ಲ. ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿಯೂ ಇರುವ ಮರಿಯ ಸೇನೆಯ ಪ್ರತಿನಿಧಿಯಾಗಿ 1936ರಲ್ಲಿ ಆಕೆ ಪೂರ್ವ ಆಫ್ರಿಕಾಕ್ಕೆ ಹೊರಟಳು. ಎಂಟು ವರ್ಷಗಳ ಕಾಲ ಕೆಟ್ಟ ರಸ್ತೆಗಳಲ್ಲಿ ಸುತ್ತಿ ಊರೂರಿನಲ್ಲಿ ಆ ಸೇನೆಯ ಘಟಕಗಳನ್ನು ಕಟ್ಟಿದಳು. 1944ರಲ್ಲಿ, 36ನೆಯ ವಯಸ್ಸಿನಲ್ಲಿ ನೈರೋಬಿಯಲ್ಲಿ ಕಣ್ಮುಚ್ಚಿದಳು. 1994ರಲ್ಲಿ ಧರ್ಮಸಭೆ ಆಕೆಯನ್ನು ಪೂಜ್ಯಳೆಂದು ಸಾರಿತು.

ಇಷ್ಟು ದೊಡ್ಡ ಕಾರ್ಯಗಳು ನಮ್ಮಿಂದಾಗುವುದೇ ಎಂದು ಕೇಳಬೇಡಿ. ಈ ಮೂವರಲ್ಲಿ ನಾವು ಕಲಿಯಬೇಕಾದದ್ದು ಕಾರ್ಯದ ದೊಡ್ಡತನವನ್ನಲ್ಲ. ಮುಂದೆ ಯಾವಾಗಲೋ ನಿಜವಾದ ಬದುಕು ಶುರುವಾಗುತ್ತದೆ ಎಂದು ಅವರು ಕಾಯುತ್ತಾ ಕೂರಲಿಲ್ಲ. ಇದ್ದ ಅಡುಗೆಮನೆಯಲ್ಲಿ, ಇದ್ದ ಚಿಲ್ಲರೆ ಕಾಸಿನಲ್ಲಿ, ಇದ್ದ ರೋಗದ ದೇಹದಲ್ಲಿಯೇ ದೇವರ ಪ್ರೀತಿಗೆ ಬಾಗಿಲು ತೆರೆದರು.

ನೋವನ್ನು ದೇವರಿಂದ ಮುಚ್ಚಿಡಬೇಡಿ

ದೇವರ ಪ್ರೀತಿ ಸಿಕ್ಕಿದ ಮೇಲೆ ಒಂಟಿತನವೇ ಇರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕ್ರಿಸ್ಮಸ್ ರಾತ್ರಿಯ ಪೂಜೆ ಮುಗಿಸಿ, ಬೀಗ ತೆಗೆದು ಕತ್ತಲೆಯ ಮನೆಗೆ ಕಾಲಿಡುವಾಗ ಎದೆ ಭಾರವಾಗುತ್ತದೆ. ಜ್ವರ ಬಂದು ಮಲಗಿದಾಗ "ಗಂಜಿ ಕುಡಿದೆಯಾ?" ಎಂದು ಕೇಳುವವರಿಲ್ಲದಿರುವುದು ಸಣ್ಣ ನೋವಲ್ಲ. ಹುಟ್ಟದೇ ಉಳಿದ ಮಕ್ಕಳಿಗಾಗಿ ಮರುಗುವ ಕರುಳೂ ಕರುಳೇ. "ಪ್ರಾರ್ಥನೆ ಮಾಡು, ಎಲ್ಲ ಸರಿಹೋಗುತ್ತದೆ" ಎಂಬ ಒಂದೇ ಮಾತಿನಿಂದ ಇದು ತೀರುವುದಿಲ್ಲ.

ಹನ್ನಳು ದೇವಾಲಯದಲ್ಲಿ ತುಟಿ ಮಾತ್ರ ಅಲುಗಿಸುತ್ತಾ, ತನ್ನ ಹೃದಯವನ್ನೆಲ್ಲ ದೇವರ ಮುಂದೆ ಸುರಿದಳು. ಯಾಜಕ ಏಲಿಗೆ ಅವಳು ಕುಡಿದವಳಂತೆ ಕಂಡಳು. ದೇವರಿಗೆ ಮಾತ್ರ ಅರ್ಥವಾಯಿತು (1 ಸಮುವೇಲ 1:10-17). ಯೇಸುಸ್ವಾಮಿಯೂ ಗೆತ್ಸೆಮನಿಯಲ್ಲಿ ತಮ್ಮ ಸ್ನೇಹಿತರನ್ನು ಜೊತೆಗೆ ಎಚ್ಚರವಾಗಿರಿ ಎಂದು ಕೇಳಿಕೊಂಡರು. ಅವರು ನಿದ್ದೆಹೋದರು (ಮತ್ತಾಯ 26:38-40). ಒಂಟಿಯಾಗಿ ಅಳುವವರ ಪಕ್ಕದಲ್ಲಿ ಆ ರಾತ್ರಿಯನ್ನು ಅನುಭವಿಸಿದ ಪ್ರಭು ಇದ್ದಾರೆ. ಮಕ್ಕಳಿಲ್ಲದವರು ತಮ್ಮನ್ನು ಒಣಮರವೆಂದು ಕರೆದುಕೊಳ್ಳಬಾರದು, ಗಂಡು ಹೆಣ್ಣು ಮಕ್ಕಳಿಗಿಂತ ಮೇಲಾದ, ಅಳಿಯದ ಹೆಸರನ್ನು ದೇವರು ತಮ್ಮ ಮನೆಯಲ್ಲಿ ಅವರಿಗೆ ಕೊಡುತ್ತಾರೆ ಎಂದು ಯೆಶಾಯನ ಗ್ರಂಥ ಹೇಳುತ್ತದೆ (56:3-5). ಆ ಮಾತನ್ನು ಅಳುತ್ತಲೇ ಓದಿದರೂ ಸರಿ, ಓದಿ.

ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸಿದರೆ ಮಾತ್ರ ತಡಮಾಡದೆ ಹತ್ತಿರದವರಿಗೆ ತಿಳಿಸಿ ವೈದ್ಯರನ್ನು ಕಾಣಿರಿ. ಅದು ಅವಿಶ್ವಾಸವಲ್ಲ. ವೈದ್ಯರ ಕೈಯಿಂದಲೂ ದೇವರು ಗುಣಪಡಿಸುತ್ತಾರೆ.

ದಿನದ ಬದುಕಿನಲ್ಲಿ ಐದು ಹೆಜ್ಜೆಗಳು

1. ದಿನಕ್ಕೆ ಕಾಲು ಗಂಟೆಯಾದರೂ ದೇವರೊಡನೆ ಸುಮ್ಮನೆ ಕುಳಿತುಕೊಳ್ಳಿ. ಒಂದು ಕೀರ್ತನೆ, ಸ್ವಲ್ಪ ಮೌನ. ಮಲಗುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ: ಇಂದು ದೇವರ ಪ್ರೀತಿ ನನಗೆ ಯಾರ ಮೂಲಕ ಬಂತು? ನನ್ನ ಮೂಲಕ ಯಾರಿಗೆ ಹೋಯಿತು?

2. ನೀವೊಬ್ಬರೇ ಇರುವ ಮನೆಯೂ ಮನೆಯೇ. "ಒಬ್ಬಳಿಗಾಗಿ ಏನು ಅಡುಗೆ" ಎಂದು ನಿನ್ನೆಯ ಅನ್ನಕ್ಕೆ ಮಜ್ಜಿಗೆ ಕಲಸಿ ನಿಂತುಕೊಂಡೇ ಉಣ್ಣಬೇಡಿ. ತಟ್ಟೆ ಇಟ್ಟು, ಶಿಲುಬೆಯ ಗುರುತು ಹಾಕಿ, ಕುಳಿತು ಊಟಮಾಡಿ. ನಿಮ್ಮಂತೆಯೇ ನೆರೆಯವರನ್ನು ಪ್ರೀತಿಸಬೇಕಾದರೆ ನಿಮ್ಮನ್ನು ನೀವು ಪ್ರೀತಿಸುವುದು ಮೊದಲು ಬರಬೇಕಲ್ಲವೆ? ತಿಂಗಳಿಗೊಮ್ಮೆ ಯಾರನ್ನಾದರೂ ಊಟಕ್ಕೆ ಕರೆಯಿರಿ. ಬೆಥಾನಿಯದ ಮನೆ ಹಾಗೆ ಕಟ್ಟಲ್ಪಟ್ಟಿತು.

3. ತಾಯ್ತನಕ್ಕೆ ಹಲವು ದಾರಿಗಳಿವೆ. ಧರ್ಮಸಭೆ 'ಜ್ಞಾನತಾಯಿ' ಎಂಬ ಹೆಸರಿನಲ್ಲಿಯೇ ತಾಯಿ ಎಂಬ ಪದವನ್ನು ಇಟ್ಟಿದೆ. ಅದಕ್ಕೆ ಮದುವೆಯಾಗಿರಬೇಕೆಂಬ ನಿಯಮವಿಲ್ಲ. ನೀವು ಜ್ಞಾನತಾಯಿಯಾದ ಮಗುವಿನ ಹುಟ್ಟುಹಬ್ಬ, ಪರೀಕ್ಷೆ, ಸಂಕಟಗಳನ್ನು ನೆನಪಿಟ್ಟುಕೊಳ್ಳಿ, ಅದರ ಹೆಸರು ಹಿಡಿದು ಪ್ರಾರ್ಥಿಸಿ. ಧರ್ಮೋಪದೇಶ ತರಗತಿಯ ಮಕ್ಕಳು, ತರಗತಿಯಲ್ಲಿ ಹಿಂದುಳಿದ ನೆರೆಮನೆಯ ಹುಡುಗ, ಆಸ್ಪತ್ರೆಯಲ್ಲಿ ಕೇಳುವವರಿಲ್ಲದೆ ಮಲಗಿದ ಅಜ್ಜಿ, ಎಲ್ಲರೂ ನಿಮ್ಮವರಾಗಬಹುದು.

4. "ಅವಳಿಗೇನು, ಗಂಡ ಮಕ್ಕಳ ಕಾಟವಿಲ್ಲ" ಎಂದು ಮನೆಯ, ಕಚೇರಿಯ, ಕೆಲವೊಮ್ಮೆ ದೇವಾಲಯದ ಎಲ್ಲ ಕೆಲಸವನ್ನೂ ನಿಮ್ಮ ತಲೆಗೇ ಕಟ್ಟುವವರಿರುತ್ತಾರೆ. ಪ್ರೀತಿಯಿಂದ ಕೊಟ್ಟ ಸೇವೆ ಬೇರೆ, ಕಿತ್ತುಕೊಂಡ ಸೇವೆ ಬೇರೆ. ವಿನಯದಿಂದ "ಈ ಸಲ ಆಗುವುದಿಲ್ಲ" ಎಂದು ಹೇಳಲು ಕಲಿಯಿರಿ. ಜನರ ಗುಂಪಿನಿಂದ ದೂರ ಹೋಗಿ ಏಕಾಂತದಲ್ಲಿ ಪ್ರಾರ್ಥಿಸುವುದನ್ನು ಯೇಸುಸ್ವಾಮಿಯೂ ರೂಢಿಮಾಡಿಕೊಂಡಿದ್ದರು.

5. ಕಾಗದಪತ್ರಗಳನ್ನು ಸರಿಯಾಗಿಡಿ. ಭಾರತೀಯ ಕ್ರೈಸ್ತರಿಗೆ ಸಾಮಾನ್ಯವಾಗಿ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ ಪ್ರಕಾರ, ತಂದೆ ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿಯ ಮೂರನೆಯ ಒಂದು ಭಾಗ ತಾಯಿಗೆ, ಉಳಿದದ್ದು ಮಕ್ಕಳಿಗೆ ಸಮಪಾಲು. ಅದರಲ್ಲಿ ಮಗ, ಮಗಳು ಎಂಬ ಭೇದವಿಲ್ಲ. ಮದುವೆಯಾದವಳು, ಆಗದವಳು ಎಂಬ ಭೇದವೂ ಇಲ್ಲ. ಬ್ಯಾಂಕಿನ ನಾಮನಿರ್ದೇಶನ, ಇಬ್ಬರು ಸಾಕ್ಷಿಗಳ ಸಹಿ ಇರುವ ಉಯಿಲು ಇವನ್ನು ತಿಳಿದವರ ಸಲಹೆ ಪಡೆದು ಮಾಡಿಡಿ. ಮುಪ್ಪಿನ ಚಿಂತೆಯನ್ನು ದೇವರಿಗೆ ಒಪ್ಪಿಸುವುದೆಂದರೆ ಕೈಕಟ್ಟಿ ಕೂರುವುದು ಎಂದಲ್ಲ.

ಮನೆಯವರಿಗೆ, ಧರ್ಮಕೇಂದ್ರದವರಿಗೆ

ಇಲ್ಲಿಯವರೆಗೆ ಸಹೋದರಿಯೊಡನೆ ಆಡಿದ ಮಾತುಗಳನ್ನು ಕೇಳಿಸಿಕೊಂಡ ತಂದೆತಾಯಿಯರಿಗೆ, ಅಣ್ಣತಮ್ಮಂದಿರಿಗೆ, ಧರ್ಮಕೇಂದ್ರದ ಹಿರಿಯರಿಗೆ ಈಗ ಒಂದು ಮಾತು.

ದೇವರು ಮನೆ ತುಂಬಿಸಿಕೊಂಡವಳನ್ನು ನಾವು ಹೊಸ್ತಿಲಲ್ಲಿ ನಿಲ್ಲಿಸಬಾರದು. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತನ್ನ 1658ನೆಯ ಪರಿಚ್ಛೇದದಲ್ಲಿ, ತಾವು ಬಯಸದೆಯೇ ಒಂಟಿಯಾಗಿ ಉಳಿದವರು ಯೇಸುವಿನ ಹೃದಯಕ್ಕೆ ವಿಶೇಷವಾಗಿ ಹತ್ತಿರದವರು, ನಮ್ಮ ಮನೆಗಳ ಬಾಗಿಲು ಅವರಿಗೆ ತೆರೆದಿರಬೇಕು ಎಂದು ಕಲಿಸುತ್ತದೆ. ಧರ್ಮಸಭೆಯೇ ಎಲ್ಲರ ಮನೆ, ಎಲ್ಲರ ಕುಟುಂಬ ಎಂದು ಜಗದ್ಗುರು ದ್ವಿತೀಯ ಜಾನ್ ಪಾಲ್ ಅವರೂ 1981ರಲ್ಲಿ ಕುಟುಂಬವನ್ನು ಕುರಿತು ಬರೆದ ಪತ್ರದಲ್ಲಿ ನೆನಪಿಸಿದ್ದಾರೆ.

ಇದನ್ನು ಕಾರ್ಯಕ್ಕೆ ತರುವುದು ಕಷ್ಟವೇನಲ್ಲ. ಮದುವೆಯ ಪ್ರಶ್ನೆಯನ್ನು ಅಂಗಳದಲ್ಲಿ ನಾಲ್ಕು ಜನರೆದುರು ಕೇಳಬೇಡಿ. ಮನೆಮನೆಯ ಜಪಸರಕ್ಕೆ, ಗುರುಗಳ ಮನೆ ಭೇಟಿಗೆ ಪಟ್ಟಿ ಮಾಡುವಾಗ ಒಬ್ಬಳೇ ಇರುವ ಸಹೋದರಿಯ ಮನೆಯನ್ನು ಬಿಡಬೇಡಿ. ಪಾಲನಾ ಸಮಿತಿಯಲ್ಲಿ ಆಕೆಯ ಅಭಿಪ್ರಾಯ ಕೇಳಿ. ಸೆಪ್ಟೆಂಬರ್ 8ರಂದು ಕರಾವಳಿಯ ನಮ್ಮ ಮನೆಗಳಲ್ಲಿ ಮಾತೆ ಮರಿಯಮ್ಮನವರ ಜನ್ಮದಿನದ ಹೊಸ ತೆನೆಯ ಊಟಕ್ಕೆ ಮನೆಮಂದಿಯೆಲ್ಲ ಸೇರುತ್ತೇವೆ. ದುಡಿಮೆಗಾಗಿ ಊರು ಬಿಟ್ಟು ಬಂದು ಬಾಡಿಗೆ ಕೋಣೆಯಲ್ಲಿರುವ ಒಬ್ಬಳಿಗೆ ಆ ದಿನ ನಿಮ್ಮ ಪಂಕ್ತಿಯಲ್ಲಿ ಒಂದು ಎಲೆ ಹಾಕಿ. ಅಕ್ಕನ ಪಾಲಿನ ಆಸ್ತಿಯನ್ನು "ಅವಳಿಗೇಕೆ, ಒಬ್ಬಳೇ ಅಲ್ಲವೆ" ಎಂದು ಬರೆಸಿಕೊಂಡು, ಅನಂತರ ಅವಳಿಗಾಗಿ ಪೂಜೆ ಹೇಳಿಸಿದರೆ ಆ ಕಾಣಿಕೆಯನ್ನು ದೇವರು ಮೆಚ್ಚುವರೆ?

ಚಿಂತನೆಗೆ

- ನನ್ನ ಜ್ಞಾನಸ್ನಾನದ ದಿನಾಂಕ ನನಗೆ ಗೊತ್ತಿದೆಯೆ? ಈ ವರ್ಷ ಆ ದಿನವನ್ನು ನಾನು ಹೇಗೆ ಆಚರಿಸಬಲ್ಲೆ?
- ನನ್ನ ಬದುಕಿನಲ್ಲಿ ನಾನು ಇನ್ನೂ 'ಮುಂದೆ ನೋಡೋಣ' ಎಂದು ಕಟ್ಟಿಟ್ಟಿರುವ ಒಳ್ಳೆಯ ಕಾರ್ಯ ಯಾವುದು?
- ನಮ್ಮ ಬೀದಿಯಲ್ಲಿ, ನಮ್ಮ ಬಂಧುಬಳಗದಲ್ಲಿ ಒಬ್ಬರೇ ಬಾಳುವ ಸಹೋದರಿಯರು ಯಾರು? ಕೊನೆಯ ಸಲ ಅವರ ಮನೆಗೆ ಹೋದದ್ದು ಯಾವಾಗ?

ಪ್ರಾರ್ಥನೆ

ಪ್ರೀತಿಯ ಪ್ರಭುವೇ, ಬಾಗಿಲಲ್ಲಿ ಎದುರುಗೊಂಡು, ಹೆಸರು ಕೇಳಿ, ನನ್ನನ್ನು ನಿಮ್ಮ ಮನೆಯೊಳಗೆ ಕರೆದುಕೊಂಡಿರಿ. ಕೇಳಿದ್ದು ಸಿಗದ ದಿನಗಳಲ್ಲಿಯೂ ಆ ಮನೆಯವಳೆಂಬುದನ್ನು ನಾನು ಮರೆಯದಂತೆ ಮಾಡಿರಿ. ನನ್ನ ಕಣ್ಣೀರನ್ನು ನಿಮ್ಮ ಮುಂದೆ ಇಡುವ ಧೈರ್ಯ ಕೊಡಿರಿ. ನನ್ನ ಕೈಗಳು ಖಾಲಿಯೆನಿಸಿದಾಗ, ಯಾರ ಕೈ ಹಿಡಿಯಬೇಕೆಂದು ತೋರಿಸಿರಿ. ಮಾತೆ ಮರಿಯಮ್ಮನವರೇ, ಸಂತ ಮಾರ್ತಳೇ, ಸಂತ ಕ್ಯಾಥರೀನಳೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.